ಎರಡು ಖಾಲಿ ಕುರ್ಚಿಗಳ ಬಸಣ್ಣ

ಬಸಣ್ಣನ ಶೂಟಿಂಗಿನಲ್ಲಿ ಕುರ್ಚಿಗಳಿಗೆ ಯಾವಾಗಲೂ ಬರ. ನಾಯಕಿ ಬಣ್ಣದ ಡಬ್ಬದ ಮೇಲೆ ಕೂರುತ್ತಿದ್ದಳು, ಕ್ಯಾಮೆರಾದವನು ನೆಲದ ಮೇಲೆ. ಚಾನೆಲ್ಲಿನಿಂದ ಬಂದ ಅಧಿಕಾರಿಯೊಬ್ಬರನ್ನು ಒಮ್ಮೆ ಅಕ್ಕಿ ಮೂಟೆಯ ಮೇಲೆ ಕೂರಿಸಿದ್ದೂ ಉಂಟು. ಆದರೆ ಮಾನಿಟರಿನ ಎದುರಿಗಿದ್ದ ಎರಡು ಕುರ್ಚಿಗಳು ಮಾತ್ರ ಸದಾ ಖಾಲಿ. ಒಂದು ಬೆತ್ತದ್ದು, ನಡು ಜಗ್ಗಿಹೋಗಿದ್ದು. ಇನ್ನೊಂದು ಗಾಲಿಯ ಮೇಲೆ ತಿರುಗುವ ಆಫೀಸು ಕುರ್ಚಿ, ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ. ಯಾರಾದರೂ ಮರೆತು ಬೆತ್ತದ ಕುರ್ಚಿಯಲ್ಲಿ ಕೂತರೆ ಬಸಣ್ಣ ಎಲ್ಲಿದ್ದರೂ ಓಡಿ ಬರುವರು. "ಏಳ್ರಿ, ಏಳ್ರಿ. ಗೌರಮ್ಮಾರ ತೊಡಿ ಮ್ಯಾಲ ಕೂತೀರಿ" ಎಂದು ಎಬ್ಬಿಸುವರು.

ಪ್ರತಿ ಶಾಟು ಮುಗಿದ ಮೇಲೆ ಅವರು ಮೊದಲು ಬೆತ್ತದ ಕುರ್ಚಿಗೆ ಕೈಮುಗಿದು, "ತಿಳೀತೇನ್ರಿ ಗೌರಮ್ಮಾರ?" ಎಂದು ಕೇಳುತ್ತಿದ್ದರು. ಆಮೇಲೆ ಗಾಲಿ ಕುರ್ಚಿಯ ಕಡೆ ಸ್ವಲ್ಪ ಬಗ್ಗಿ, "ಓಕೆ, ಮೇಡಂ?" ಎನ್ನುವರು. ಕುರ್ಚಿಗಳು ಕೊಡುತ್ತಿದ್ದ ಉತ್ತರ ನಮಗೆ ಕೇಳುತ್ತಿರಲಿಲ್ಲ, ಬಸಣ್ಣನಿಗೆ ಕೇಳುತ್ತಿತ್ತು. "ಗೌರಮ್ಮ ಒಪ್ಪಿದ್ರು, ಮೇಡಂ ಮಾರಿ ಸಣ್ಣ ಮಾಡ್ಯಾರ. ಇನ್ನೊಮ್ಮಿ ಮಾಡೂಣ" ಎಂದು ಎಲ್ಲರನ್ನೂ ಮತ್ತೆ ನಿಲ್ಲಿಸುವರು. ಮೊದಲ ದಿನ ಇದನ್ನು ನೋಡಿದಾಗ ಈ ಮನುಷ್ಯನಿಗೆ ಎಲ್ಲೋ ಒಂದು ಸುತ್ತು ಸಡಿಲ ಎಂದುಕೊಂಡೆ. ಒಂದು ತಿಂಗಳಾಗುವಷ್ಟರಲ್ಲಿ ಆ ಕುರ್ಚಿಗಳ ಮುಂದೆ ಹಾದುಹೋಗುವಾಗ ನಾನೇ ಸೆರಗು ಸರಿಮಾಡಿಕೊಳ್ಳತೊಡಗಿದ್ದೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಕನ್ನಡಕ್ಕೆ ಖಾಸಗಿ ಚಾನೆಲ್ಲುಗಳು ಬಂದು, ಮನೆಮನೆಯ ಅತ್ತೆ ಸೊಸೆಯರು ತಮ್ಮ ಜಗಳ ಬಿಟ್ಟು ಟಿವಿಯ ಜಗಳ ನೋಡಲು ಕೂತಿದ್ದ ಕಾಲ. ನಾನು ಪೀಣ್ಯದಲ್ಲಿ ಮೋಟಾರಿಗೆ ತಂತಿ ಸುತ್ತುವ ಒಂದು ಕಾರ್ಖಾನೆಯ ಆಫೀಸಿನಲ್ಲಿ ಸ್ಟೆನೋ ಆಗಿದ್ದೆ. ನಮ್ಮ ಪಕ್ಕದ ಶೆಡ್ಡಿನಲ್ಲಿ ಮೊದಲು ಲೇತ್ ಇತ್ತು. ಅದು ಖಾಲಿಯಾದ ಮೇಲೆ ಅಲ್ಲಿಗೆ ಒಂದು ದಿನ ಟೆಂಪೋದಲ್ಲಿ ಬಾಗಿಲು, ಕಿಟಕಿ, ತುಳಸಿಕಟ್ಟೆ, ಮೆಟ್ಟಿಲು ಎಲ್ಲ ಬಂದಿಳಿದವು. ಗೋಡೆ ಮಾತ್ರ ಬರಲಿಲ್ಲ. ಹಣೆಗೆ ವಿಭೂತಿ, ಮೈಗೆ ಸಫಾರಿ, ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡ ಒಬ್ಬರು ಆ ತುಳಸಿಕಟ್ಟೆಯನ್ನು ತಾವೇ ಬಗಲಲ್ಲಿ ಹೊತ್ತುಕೊಂಡು ಒಳಗೆ ನಡೆದರು. ಅದು ಥರ್ಮಾಕೋಲಿನದು. ಹೊತ್ತವರು ರಾಣೆಬೆನ್ನೂರಿನ ಬಸವರಾಜ. ಧಾರಾವಾಹಿಯ ನಿರ್ದೇಶಕರೂ ನಿರ್ಮಾಪಕರೂ ಅವರೇ, ಎಲ್ಲರ ಬಾಯಲ್ಲಿ ಬಸಣ್ಣ.

ಅವರ ಶೆಡ್ಡಿನಲ್ಲಿ ಫೋನಿರಲಿಲ್ಲ. ನಮ್ಮ ಆಫೀಸಿನಲ್ಲಿ ಫ್ಯಾಕ್ಸ್ ಯಂತ್ರವೇ ಇತ್ತು. ನಮ್ಮ ಸಾಹೇಬರನ್ನು ಒಪ್ಪಿಸಿ, ತಮಗೆ ಬರುವ ಫ್ಯಾಕ್ಸೆಲ್ಲ ಇಲ್ಲಿಗೇ ಬರುವಂತೆ ಬಸಣ್ಣ ಏರ್ಪಾಡು ಮಾಡಿಕೊಂಡರು. ಮೊದಲ ಫ್ಯಾಕ್ಸು ಬಂದಾಗ ಅದನ್ನು ಓದಿ ಹೇಳಿದವಳು ನಾನು. ಕೈಕಟ್ಟಿ ನಿಂತು ಕೇಳಿಸಿಕೊಂಡು, "ನಿಮಗ ಇಂಗ್ಲಿಷ್ ಬರತೈತೇನ್ರಿ, ಇಲ್ಲಾ ಬರೇ ಟೈಪಿಂಗೇನ್ರಿ?" ಎಂದು ಕೇಳಿದರು. ನನಗೆ ಸಿಟ್ಟು ಬಂತು. ಎರಡೂ ಬರುತ್ತದೆ ಎಂದೆ. ಹೀಗೆ ಅವರ ಧಾರಾವಾಹಿಗೆ ಇಂಗ್ಲಿಷ್ ಅಡಿಬರಹ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಅಂದಿನಿಂದ ಅವರ ಬಾಯಲ್ಲಿ ನಾನು ವಿಮಲಕ್ಕಾರ.

ಇನ್ನು ಕುರ್ಚಿಗಳ ಒಡತಿಯರ ವಿಚಾರ. ಗೌರಮ್ಮ ಕಾಡುಗೋಡಿಯವರು, ತಲೆಮಾರುಗಳಿಂದ ಅಲ್ಲೇ ಇದ್ದ ಮನೆತನದವರು. ರೈಲ್ವೆ ಸ್ಟೇಷನ್ನಿನ ಹತ್ತಿರ ಸಾಲಾಗಿ ಕೋಣೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಬಸಣ್ಣ ಬೆಂಗಳೂರಿಗೆ ಬಂದ ಹೊಸದರಲ್ಲಿ ಮದುವೆ ವಿಡಿಯೋ ತೆಗೆಯುತ್ತ ಅದರಲ್ಲೊಂದು ಕೋಣೆಯಲ್ಲಿದ್ದರಂತೆ. ಗೌರಮ್ಮ ಟಿವಿ ನೋಡುತ್ತ ಟಿವಿಯೊಳಗಿನವರನ್ನು ಬೈಯುತ್ತಿದ್ದರು, ಸಮಾಧಾನ ಮಾಡುತ್ತಿದ್ದರು, ಕೆಲವೊಮ್ಮೆ ಎದ್ದು ಹೋಗಿ ಪರದೆಯ ಮೇಲೆ ಬೆರಳಿಟ್ಟು ಕಳ್ಳನನ್ನು ತೋರಿಸುತ್ತಿದ್ದರು. "ನಾಡಿನ ಜನಾ ಅಂದ್ರ ಗೌರಮ್ಮನ ನೋಡ್ರಿ. ಆಕಿ ಒಪ್ಪಿದ್ರ ಬೀದರಿಂದ ಚಾಮರಾಜನಗರದ ಮಟ ಒಪ್ಪಿದಂಗ" ಎಂಬುದು ಬಸಣ್ಣನ ಸಿದ್ಧಾಂತ.

ಮೇಡಂ ಸಿಂಗಪುರದವರು. ಏಷ್ಯಾದ ಹತ್ತು ಕಡೆಯ ಧಾರಾವಾಹಿಗಳನ್ನು ಕೊಂಡು, ಕೆಳಗೆ ಇಂಗ್ಲಿಷ್ ಬರಹ ಹಾಕಿಸಿ ಬೇರೆ ಬೇರೆ ದೇಶಗಳಲ್ಲಿ ತೋರಿಸುವ ಒಂದು ಕಂಪನಿಯ ಪರವಾಗಿ ಅವರು ಫ್ಯಾಕ್ಸ್ ಮಾಡುತ್ತಿದ್ದರು. ಅವರನ್ನು ನಾವು ಯಾರೂ ಕಂಡಿರಲಿಲ್ಲ. ಆದರೆ ಇಲ್ಲಿನ ಚಾನೆಲ್ಲಿನವರು ಬಸಣ್ಣನಿಗೆ ಸಮಯ ಕೊಟ್ಟದ್ದೇ ಹೊರದೇಶಕ್ಕೆ ಹೋಗುವ ಧಾರಾವಾಹಿ ಎಂಬ ಹೆಮ್ಮೆಗೆ. ಹೊರದೇಶದವರು ಕೊಂಡದ್ದು ಇಲ್ಲಿ ಜನ ನೋಡುವ ಧಾರಾವಾಹಿ ಎಂಬ ನಂಬಿಕೆಗೆ. ಒಬ್ಬರು ಕೈಬಿಟ್ಟರೆ ಇನ್ನೊಬ್ಬರೂ ಬಿಡುವುದು ಖಂಡಿತ. "ರೊಟ್ಟಿ ಎರಡೂ ಕಡಿ ಬೇಯಬೇಕ್ರಿ ವಿಮಲಕ್ಕಾರ. ಒಂದ ಕಡಿ ಬೆಂದ್ರ ಹೊಟ್ಟಿ ನೋಯ್ತೈತಿ" ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಹಾಗಾಗಿ ಪ್ರತಿ ದೃಶ್ಯವನ್ನೂ ಎರಡೆರಡು ಸಲ ತೆಗೆಯುತ್ತಿದ್ದರು. ಗ್ಲಿಸರಿನ್ ಬಾಟಲಿ ಹಿಡಿದವನು "ಯಾರಿಗೆ ಸಾರ್?" ಎಂದು ಕೇಳುವನು. ಗೌರಮ್ಮನಿಗೆ ಎಂದರೆ ಎರಡೂ ಕಣ್ಣಿಗೆ, ಮೇಡಂಗೆ ಎಂದರೆ ಒಂದೇ ಕಣ್ಣಿಗೆ. ಅಡುಗೆಮನೆಯದು ಇನ್ನೂ ದೊಡ್ಡ ಫಜೀತಿ. ಗೌರಮ್ಮನಿಗೆ ಫ್ರಿಜ್ಜು, ಮಿಕ್ಸಿ, ಸೋಫಾ ಕಾಣಬೇಕು. ಮೇಡಂಗೆ ಮಡಕೆ, ಒಲೆ, ಬೀಸುವ ಕಲ್ಲು ಬೇಕು. ಒಂದೇ ಮನೆಯ ಸೊಸೆ ಬೆಳಿಗ್ಗೆ ಮಿಕ್ಸಿಯಲ್ಲಿ ಚಟ್ನಿ ತಿರುವಿ, ಟೀ ಕುಡಿದ ಮೇಲೆ ಅದೇ ಚಟ್ನಿಯನ್ನು ಒರಳಲ್ಲಿ ರುಬ್ಬುತ್ತಿದ್ದಳು. ಒಮ್ಮೆ ಅವಸರದಲ್ಲಿ ಸಾಮಾನು ಬದಲಿಸುವುದು ಅರ್ಧಕ್ಕೇ ನಿಂತು, ಫ್ರಿಜ್ಜಿನ ಪಕ್ಕದಲ್ಲೇ ಮಡಕೆಯಿಂದ ನೀರು ಮೊಗೆಯುವ ದೃಶ್ಯ ಪ್ರಸಾರವಾಗಿಬಿಟ್ಟಿತು. ಮರುದಿನವೇ ಗೌರಮ್ಮ ನಮ್ಮ ಆಫೀಸಿಗೆ ಫೋನ್ ಮಾಡಿ ಬಸಣ್ಣನನ್ನು ಕರೆಸಿದರು. "ಅಲ್ಲಪ್ಪ ಬಸಣ್ಣ, ಅಷ್ಟು ದೊಡ್ಡ ಪ್ರಿಜ್ಜು ಮಡಗವ್ರೆ, ನೀರು ಮಾತ್ರ ಮಡಕೇದು ಕುಡೀತಾವ್ರಲ್ಲ. ಕರೆಂಟ್ ಬಿಲ್ ಕಟ್ಟಿಲ್ವಾ?" ಎಂದು ವಿಚಾರಿಸಿದರು. ಅದೇ ದೃಶ್ಯದ ಬಗ್ಗೆ ಮೇಡಂ ಕಳಿಸಿದ ಫ್ಯಾಕ್ಸಿನಲ್ಲಿ, ಹಳತು ಹೊಸತರ ಸಂಘರ್ಷವನ್ನು ನಿರ್ದೇಶಕರು ಬಹಳ ಸೂಕ್ಷ್ಮವಾಗಿ ತೋರಿಸಿದ್ದಾರೆ ಎಂಬ ಹೊಗಳಿಕೆಯಿತ್ತು. ಬಸಣ್ಣ ಆ ಹಾಳೆಯನ್ನು ನನ್ನ ಕೈಯಿಂದ ಮೂರು ಸಲ ಓದಿಸಿದರು.

ಶೆಡ್ಡಿನ ಇನ್ನೊಂದು ಪಕ್ಕಕ್ಕೆ ತಗಡು ಬಡಿಯುವ ಪವರ್ ಪ್ರೆಸ್ಸಿತ್ತು. ಅದರ ದಢ್ ದಢ್ ಸದ್ದು ನಿಲ್ಲುವುದು ಊಟದ ವೇಳೆಗೆ ಮಾತ್ರ. ಅಳುವ ದೃಶ್ಯಗಳೆಲ್ಲ ಆ ಹೊತ್ತಿಗೇ ಆಗಬೇಕು. ಹೀಗಾಗಿ ನಮ್ಮ ನಟಿಯರು ಹಸಿದುಕೊಂಡೇ ಅಳುತ್ತಿದ್ದರು. ಒಂದು ದಿನ ಊಟ ಮುಗಿಸಿ ಪ್ರೆಸ್ಸಿನವರು ಬೇಗ ಬಂದದ್ದರಿಂದ ಸದ್ದು ದೃಶ್ಯದೊಳಗೆ ಸೇರಿಕೊಂಡಿತು. ಹಿನ್ನೆಲೆಯಲ್ಲಿ ವಿಧಿಯ ಹೆಜ್ಜೆಯಂತೆ ಬರುವ ತಾಳ ಬಹಳ ಅರ್ಥಪೂರ್ಣ, ಮುಂದೆಯೂ ಇರಲಿ ಎಂದು ಸಿಂಗಪುರದಿಂದ ಅಪ್ಪಣೆ ಬಂತು. ಆಯುಧಪೂಜೆಗೆ ಪ್ರೆಸ್ಸು ನಿಂತಾಗ ಬಸಣ್ಣ ಅದರ ಮಾಲೀಕರ ಬಳಿ ಹೋಗಿ, ಒಂದು ತಾಸು ಬರೇ ಖಾಲಿ ಓಡಿಸಿ ಎಂದು ಬೇಡಿಕೊಂಡರು. ಮಾಲೀಕರು ಕುಂಬಳಕಾಯಿ ಕೆಳಗಿಟ್ಟು, "ಸಾರ್, ಪೂಜೆ ಮಾಡಿದ್ ಮಿಷನ್ನ ಇವತ್ತು ಮುಟ್ಟಂಗಿಲ್ಲ. ನಿಮ್ಮ ವಿಧೀಗೂ ಇವತ್ತು ರಜಾ ಅನ್ಕೊಳಿ" ಎಂದರು.

ಇಷ್ಟೆಲ್ಲ ತಮಾಷೆಯ ನಡುವೆ ಬಸಣ್ಣ ಒಂದು ದೃಶ್ಯವನ್ನು ಮಾತ್ರ ಒಂದೇ ಸಲ ತೆಗೆದಿದ್ದರು. ಧಾರಾವಾಹಿಯ ತಾಯಿ ಶಾಂತಕ್ಕ, ಬಳೆ ಕದ್ದಳೆಂಬ ಸುಳ್ಳು ಅಪವಾದ ಹೊತ್ತು ಮನೆ ಬಿಡುವ ದೃಶ್ಯ. ನಾಟಕ ಕಂಪನಿಯಲ್ಲಿ ಬೆಳೆದ ಕಮಲಾಕ್ಷಮ್ಮ ಆ ಪಾತ್ರ ಮಾಡುತ್ತಿದ್ದರು. ಹೊಸ್ತಿಲ ಮೇಲೆ ನಿಂತು, ಒಳಗಿರುವ ಮಗುವಿನ ಕಡೆ ತಿರುಗಿ "ಬರ್ತೀನಿ ಕಂದಾ" ಎಂದಷ್ಟೇ ಹೇಳಿ ಇಳಿದು ಹೋಗುತ್ತಾರೆ. ಅವಳು ಇನ್ನು ಬರುವವಳಲ್ಲ ಎಂದು ನೋಡುವವರಿಗೆಲ್ಲ ಗೊತ್ತು. ಹೊರಡುವವರು ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು ಎಂಬ ರೂಢಿಯೂ ಗೊತ್ತು. ಅದಕ್ಕೇ ಆ ಮಾತು ಕೇಳಿ ಕರುಳು ಚುರುಕ್ ಎನ್ನುತ್ತಿತ್ತು. ಬಸಣ್ಣ ಅಂದು ಕುರ್ಚಿಗಳನ್ನು ಏನೂ ಕೇಳಲಿಲ್ಲ, ಮುಖ ತೊಳೆಯಲು ಹೊರಗೆ ಹೋದರು. "ಇದ್ದದ್ದನ್ನ ಇದ್ದಂಗ ಬರೀರಿ" ಎಂಬುದು ಅಡಿಬರಹದ ಬಗ್ಗೆ ಅವರ ಕಟ್ಟಪ್ಪಣೆಯಾಗಿತ್ತು. ನಾನು 'ಐ ವಿಲ್ ಕಮ್' ಎಂದು ಬರೆದೆ.

ಕೆಲವು ವಾರಗಳ ಮೇಲೆ ಫ್ಯಾಕ್ಸ್ ಬಂತು. ಶಾಂತಕ್ಕ ಬರುತ್ತೇನೆಂದು ಹೇಳಿ ಹೋದವರು ಮುಂದಿನ ಯಾವ ಕಂತಿನಲ್ಲೂ ಬಂದಿಲ್ಲ. ನೋಡುಗರು ಅನೇಕ ದೇಶಗಳಿಂದ ವಿಚಾರಿಸುತ್ತಿದ್ದಾರೆ. ಅವರು ಯಾವಾಗ ಬರುತ್ತಾರೆ? ಬರುವುದಿಲ್ಲವಾದರೆ ಬರುತ್ತೇನೆಂದು ಏಕೆ ಹೇಳಿದರು? ಮರುಪ್ರಸಾರದೊಳಗೆ ದಯವಿಟ್ಟು ಸರಿಪಡಿಸಿ.

ನಾನು ನಕ್ಕುಬಿಟ್ಟೆ. ಬಸಣ್ಣ ನಗಲಿಲ್ಲ. 'ಗುಡ್ ಬೈ' ಎಂದು ಬದಲಿಸಿದರೆ ಮುಗಿಯಿತಲ್ಲ ಎಂದೆ. "ಬಾಯಿ ಬರ್ತೀನಿ ಅಂತೈತಿ, ಬರಹ ಗುಡ್ ಬೈ ಅಂತೈತಿ. ಸುಳ್ಳು ಸಾಕ್ಷಿ ಆಗ್ತೈತ್ರಿ ಅದು" ಎಂದರು. ಬರಹ ಬದಲಿಸಲು ಒಪ್ಪದ ಮನುಷ್ಯ ಬಾಯಿಯನ್ನೇ ಬದಲಿಸಲು ಹೊರಟರು. ಮತ್ತೆ ಬಾಗಿಲು ನಿಲ್ಲಿಸಿ, ದೀಪ ಹಚ್ಚಿ, ಕಮಲಾಕ್ಷಮ್ಮನನ್ನು ಹೊಸ್ತಿಲ ಮೇಲೆ ನಿಲ್ಲಿಸಿ, ಮೇಡಂಗಾಗಿ "ಹೋಗ್ತೀನಿ ಕಂದಾ" ಅನ್ನಿ ಎಂದರು.

ಕಮಲಾಕ್ಷಮ್ಮ ಸೆರಗು ಬಿಗಿದು ನಿಂತರು. "ಬೇಕಾದ್ರೆ ಸಾಯೋ ಸೀನು ಕೊಡಿ ಬಸಣ್ಣ, ಸಾಯ್ತೀನಿ. ಕಂಪನೀಲಿ ಸಾವಿರ ಸಲ ಸತ್ತಿದೀನಿ. ದೀಪ ಹಚ್ಚಿರೋ ಮನೇಲಿ, ಹೊಸ್ತಿಲ ಮೇಲೆ ನಿಂತು, ಮಗು ಮುಖ ನೋಡ್ಕೊಂಡು ಹೋಗ್ತೀನಿ ಅನ್ನಲ್ಲ."

"ಅಮ್ಮಾರ, ಹೊಸ್ತಿಲಾ ಪ್ಲೈವುಡ್ಡಿಂದ್ರಿ."

"ನನ್ನ ನಾಲಿಗೆ ಪ್ಲೈವುಡ್ಡಿಂದಲ್ಲ."

ಲೈಟಿನವನು ಕಮಲಾಕ್ಷಮ್ಮನ ಪರ ನಿಂತ. ಕ್ಯಾಮೆರಾದವನು, "ಅಮ್ಮ ಹೇಳೋದು ಸರಿ ಗುರುಗಳೇ, ನಮ್ಮನೇಲೂ ಬೈತಾರೆ" ಎಂದ. ಪ್ರೆಸ್ಸಿನ ಕೆಲಸಗಾರರೂ ಬಂದು ಇಣುಕಿ, ವಿಷಯ ತಿಳಿದು, ತಪ್ಪು ತಪ್ಪು ಎಂದು ತಲೆಯಾಡಿಸಿದರು. ಇಡೀ ಪೀಣ್ಯ ಕೈಗಾರಿಕಾ ಪ್ರದೇಶ ಆ ಒಂದು ಮಾತಿನ ವಿಷಯದಲ್ಲಿ ಹೀಗೆ ಒಗ್ಗಟ್ಟಾದದ್ದನ್ನು ನಾನು ಬೋನಸ್ಸಿನ ಗಲಾಟೆಯಲ್ಲೂ ಕಂಡಿರಲಿಲ್ಲ.

ಕೊನೆಗೆ ಬಸಣ್ಣ ಖುದ್ದಾಗಿ ಸಿಂಗಪುರಕ್ಕೇ ಹೋದರು. ಅಲ್ಲಿ ನಾನಾ ದೇಶದ ಧಾರಾವಾಹಿ ಮಾಡುವವರೆಲ್ಲ ಸೇರಿ ತಮ್ಮ ಸರಕು ಮಾರುವ ಒಂದು ಮೇಳವಿತ್ತು. ಹೋಗುವಾಗ ಹೊರದೇಶಕ್ಕೆಂದು ವಿಭೂತಿ ಒರೆಸಿಕೊಂಡು ಟೈ ಕಟ್ಟಿದ್ದವರು, ಬರುವಾಗ ಟೈ ಜೇಬಿನಲ್ಲಿಟ್ಟು ವಿಭೂತಿ ಧರಿಸಿ ಬಂದರು. ನೇರವಾಗಿ ನಮ್ಮ ಆಫೀಸಿಗೇ ಬಂದು ನನ್ನೆದುರು ಕೂತರು.

"ಅಲ್ಲೆಲ್ಲಾ ನಮ್ಮಂಥವರ ಅದಾರ್ರಿ. ಎಲ್ಲಾರ ತಲಿಯೊಳಗೂ ಎರಡೆರಡು ಕುರ್ಚಿ. ಒಬ್ಬ ಕೊರಿಯಾದವ ಸಿಕ್ಕಿದ್ದ. ಅವನ ಕಥಿಯೊಳಗೂ ಒಬ್ಬಾಕಿ ಮನಿ ಬಿಟ್ಟು ಹೊಂಟಾಳ, ಕೆಳಗ ಗುಡ್ ಬೈ ಅಂತ ಬರದಾರ. ಬಾಯಿಲೆ ಏನಂದ್ಲಪಾ ಅಂತ ಕೇಳಿದೆ. ಹೋಗಿ ಬರ್ತೇನಿ ಅಂದ್ಲು ಅಂದ. ಅವರೊಳಗೂ ಹಂಗ ಅನ್ನೂದಂತ. ಮತ್ತ್ಯಾಕ ಗುಡ್ ಬೈ ಹಾಕಿದಿ ಅಂದ್ರ, ಹೊರಗಿನವರಿಗೆ ಅಷ್ಟ ಸಾಕು ಅಂತಾನ."

"ಮೇಡಂ ಏನಂದರು?" ಎಂದೆ.

ಮೇಡಂ ಸಣ್ಣ ಆಳಿನ, ನಯವಾದ ಹೆಂಗಸಂತೆ. ಎಲ್ಲ ಕೇಳಿಸಿಕೊಂಡು, ನನಗೆ ನಿಮ್ಮ ರೂಢಿ ಅರ್ಥವಾಯಿತು, ನನಗಾಗಿ ನಾನು ಕೇಳಲಿಲ್ಲ ಎಂದರಂತೆ. ಮನೆಯಲ್ಲಿ ಅವರ ವಯಸ್ಸಾದ ತಾಯಿ ಟೇಪು ನೋಡುತ್ತಾರೆ. ಆ ಹೆಂಗಸು ಯಾವಾಗ ಬರುತ್ತಾಳೆ ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಾರೆ. ಶಾಂತಕ್ಕ ಬಂದರೆ ಒಪ್ಪಂದ ಮುಂದುವರಿಸಬಹುದು, ಇಲ್ಲದಿದ್ದರೆ ಕಷ್ಟ ಎಂದು ಹೇಳಿ ಮೇಡಂ ಟೀ ತರಿಸಿದರಂತೆ. "ಆ ಗಾಲಿ ಕುರ್ಚಿ ಮ್ಯಾಲ ಮೇಡಂ ಕೂತಿಲ್ರಿ ವಿಮಲಕ್ಕಾರ. ಅವರವ್ವ ಕೂತಾಳ" ಎಂದರು ಬಸಣ್ಣ.

ಶಾಂತಕ್ಕನನ್ನು ವಾಪಸು ತರಲು ಅವರಿಗೆ ಸುತರಾಂ ಮನಸ್ಸಿರಲಿಲ್ಲ. ಹೊರಗಿನವರಿಗೆ ತಿಳಿಯದಿದ್ದರೇನು, ನಮ್ಮವರಿಗೆ ತಿಳಿದಿದೆ ಎಂಬ ಹಟ. ಆ ಹಟಕ್ಕೆ ಬಲ ಬೇಕೆಂದು ಭಾನುವಾರ ನನ್ನನ್ನೂ ಕರೆದುಕೊಂಡು ಬಸ್ಸು ಬದಲಿಸಿ ಬದಲಿಸಿ ಕಾಡುಗೋಡಿಗೆ ಹೋದರು. ಗೌರಮ್ಮ ಜಗಲಿಯ ಮೇಲೆ ಹುರುಳಿಕಾಯಿ ಸೋಸುತ್ತಿದ್ದರು. ದೊಡ್ಡ ಆಳು, ದೊಡ್ಡ ಗಂಟಲು. ಬಸಣ್ಣ ಚಪ್ಪಲಿ ಬಿಡುವುದರೊಳಗೆ ಆ ಗಂಟಲು ಕೇಳಿತು.

"ಬಾಪ್ಪ ಬಸಣ್ಣ. ಅದೇನ್ ಹೇಳು, ಸಾಂತಕ್ಕ ಯಾವಾಗ ಬತ್ತಾಳೆ?"

ಬಸಣ್ಣ ನಿಂತಲ್ಲೇ ನಿಂತರು. "ಗೌರಮ್ಮಾರ, ಅದು ಮಾತಿಗೆ ಅನ್ನೂದಲ್ರಿ. ಹೊಂಟವರೆಲ್ಲ ಹಂಗ ಅಂತಾರ."

"ಅನ್ನೋರು ಅಂತಾರೆ, ಗೊತ್ತಿಲ್ವಾ ನಂಗೆ? ಆದ್ರೂ ಬಾಯಿ ಬಿಟ್ಟು ಬತ್ತೀನಿ ಅಂದೌಳೆ. ಮಗ ಅಂಗೇ ಬಾಗ್ಲಲ್ಲಿ ಕುಂತೈತೆ. ನೀನು ಬರ್ದಂಗೆ ಮಾಡಿದ್ರೆ ನಿಂಗೆ ಒಳ್ಳೇದಾಗಕಿಲ್ಲ ನೋಡು."

ಹಿಂತಿರುಗುವಾಗ ಬಸ್ಸಿಗೆಂದು ಸ್ಟೇಷನ್ನಿನ ಹತ್ತಿರ ಕಲ್ಲುಬೆಂಚಿನ ಮೇಲೆ ಕೂತೆವು. ಎರಡು ಕುರ್ಚಿಗಳೂ ಒಂದೇ ಕಡೆ ಸೇರಿಕೊಂಡವಲ್ಲ, ಇನ್ನೇನು ತೊಂದರೆ ಎಂದೆ. ಬಸಣ್ಣ ಹಳಿಗಳ ಕಡೆ ನೋಡುತ್ತ ಮಾತಾಡಿದರು.

"ನಮ್ಮವ್ವ ಹುಬ್ಬಳ್ಳಿ ದವಾಖಾನಿಗೆ ಹೊಂಟಾಗ ಬಾಗಲದಾಗ ನಿಂತು, ಬರ್ತೇನೋ ತಮ್ಮಾ ಅಂದ್ಲು. ಮನಿಯೊಳಗ ದೊಡ್ಡವರಿಗೆಲ್ಲ ಗೊತ್ತಿತ್ತ್ರಿ, ಆಕಿ ಬರಾಂಗಿಲ್ಲಂತ. ನನಗೊಬ್ಬಗ ಗೊತ್ತಿರಲಿಲ್ಲ. ನಾ ಕಾದೆ. ಯಾವಾಗ ಬರ್ತಾಳ ಅಂತ ಕೇಳಿದ್ರ ಎಲ್ಲಾರೂ ಬೈತಿದ್ರು, ಹಂಗ ಕೇಳಬಾರ್ದು ಅಂತಿದ್ರು. ಈಗ ಸಿಂಗಪುರದಾಗ ಕುಂತ ಮುದುಕಿ ಅದನ್ನ ಕೇಳ್ಯಾಳ, ಗೌರಮ್ಮನೂ ಅದನ್ನ ಕೇಳ್ಯಾಳ. ಏನ್ ಹೇಳ್ಲಿ? ಆಕಿ ಬರಲಿಲ್ಲಲ್ರಿ. ಶಾಂತಕ್ಕನ ತಂದ್ರ ಸುಳ್ಳಾಗ್ತೈತಿ."

ಅಷ್ಟು ದಿನ ಅವರನ್ನು ನೋಡಿ ನಕ್ಕವಳು ನಾನು. ಆ ಎರಡು ಕುರ್ಚಿಗಳಿಗೆ ಕೈಮುಗಿದು ಕೇಳುತ್ತಿದ್ದವರು ಹೇಳಬೇಕೆಂದಿದ್ದ ಮಾತು ಇದೊಂದೇ ಎಂದು ಅಂದು ಹೊಳೆದು ನಾಚಿಕೆಯಾಯಿತು. "ನಿಮ್ಮವ್ವ ಬರಲಿಲ್ಲ ಬಸಣ್ಣ. ಶಾಂತಕ್ಕ ಬರಬಹುದಲ್ಲ" ಎಂದಷ್ಟೇ ಹೇಳಿದೆ. ಅಷ್ಟರಲ್ಲಿ ಬಸ್ಸು ಬಂತು.

ಶಾಂತಕ್ಕ ಬಂದಳು. ಅಂದು ನಾನು ಊಟದ ಡಬ್ಬಿ ಆಫೀಸಿನಲ್ಲೇ ಬಿಟ್ಟು ನೋಡಲು ಹೋಗಿದ್ದೆ. ಗ್ಲಿಸರಿನ್ ಹಿಡಿದವನು ಎಂದಿನಂತೆ ಯಾರಿಗೆ ಎಂದು ಕೇಳಿದ. "ಯಾರಿಗೂ ಬ್ಯಾಡ" ಎಂದರು ಬಸಣ್ಣ. ಫ್ರಿಜ್ಜು ಇಡಲೋ ಮಡಕೆ ಇಡಲೋ ಎಂಬ ಪ್ರಶ್ನೆಗೆ, "ಏನೈತಿ ಅದ ಇರಲಿ" ಎಂದರು. ಬರೆದಿಟ್ಟಿದ್ದ ಸಂಭಾಷಣೆ ಪುಟಗಟ್ಟಲೆ ಇತ್ತು. ಕಮಲಾಕ್ಷಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬಂದು, ಕೂತಿದ್ದ ಮಗುವಿನ ತಲೆ ಮುಟ್ಟಿ, "ಉಂಡ್ಯೇನೋ?" ಎಂದು ಕೇಳಿ ಅಡುಗೆಮನೆಗೆ ನಡೆದುಬಿಟ್ಟರು. ಬರೆದದ್ದು ಒಂದಕ್ಷರವೂ ಹೇಳಲಿಲ್ಲ. ಕಟ್ ಎನ್ನುವವರು ಯಾರೂ ಇಲ್ಲದೆ ಕ್ಯಾಮೆರಾ ಖಾಲಿ ಹೊಸ್ತಿಲನ್ನೇ ನೋಡುತ್ತಿತ್ತು. ಒಳಗಿನಿಂದ ಕಮಲಾಕ್ಷಮ್ಮನೇ, "ಸಾಕೇನಪ್ಪಾ?" ಎಂದು ಕೂಗಿದ ಮೇಲೆ ತಿರುಗಿ ನೋಡಿದೆವು. ಬಸಣ್ಣ ಬೆತ್ತದ ಕುರ್ಚಿಯಲ್ಲಿ ಕೂತುಬಿಟ್ಟಿದ್ದರು. ಏಳಿ ಎನ್ನಲು ನಮಗೆ ಯಾರಿಗೂ ಬಾಯಿ ಬರಲಿಲ್ಲ.

ಈ ಕಥೆ ಇಲ್ಲಿಗೇ ನಿಂತಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು. ಆದರೆ ಧಾರಾವಾಹಿ ಎಂಬುದು ಸುಖಕ್ಕೆ ಹುಟ್ಟಿದ್ದಲ್ಲ. ಕಂತು ಪ್ರಸಾರವಾದ ಮೇಲೆ ಸಿಂಗಪುರದಿಂದ ಫ್ಯಾಕ್ಸ್ ಬಂತು. ನೋಡುಗರೆಲ್ಲ ಅತ್ತಿದ್ದಾರೆ, ತಾಯಿಯವರು ವಿಶೇಷವಾಗಿ ವಂದನೆ ತಿಳಿಸಿದ್ದಾರೆ, ಒಪ್ಪಂದ ಮುಂದುವರಿಸಲು ಕಂಪನಿ ಸಂತೋಷದಿಂದ ಒಪ್ಪಿದೆ. ಶಾಂತಕ್ಕ ಮತ್ತೆ ಮನೆ ಬಿಡುವುದು ಯಾವಾಗ ಎಂದು ದಯವಿಟ್ಟು ತಿಳಿಸಿ. ಅದೇ ವಾರ ಇಲ್ಲಿನ ಚಾನೆಲ್ಲಿನವರೂ ಹೇಳಿ ಕಳಿಸಿದರು. ಆ ಯಮ್ಮ ಬಾಗಿಲಲ್ಲಿ ನಿಂತ ಕಂತುಗಳಿಗೇ ಜನ ಜಾಸ್ತಿ, ಹಬ್ಬದೊಳಗೆ ಇನ್ನೊಮ್ಮೆ ಕಳಿಸಿ ಎಂದರು. ಗೌರಮ್ಮನಾದರೂ ಕೈ ಹಿಡಿದಾರು ಎಂದು ನಾನೇ ಫೋನ್ ಮಾಡಿದೆ. "ಔಳು ಬಂದ್ಮೇಲೆ ಆ ಮನೇಲಿ ಜಗಳಾನೇ ಇಲ್ಲ ಕಣಮ್ಮ. ನೆಮ್ದಿಯಾಗವ್ರೆ, ಇನ್ ನೋಡಾಕೆ ಏನೈತೆ? ನಾನು ಪಕ್ಕದ ಚಾನಲ್ ಆಕ್ಬಿಟ್ಟೆ" ಎಂದು ಫೋನಿಟ್ಟರು.

ರೊಟ್ಟಿ ಕೊನೆಗೂ ಎರಡೂ ಕಡೆ ಬೆಂದಿತ್ತು. ಒಳಗಿನವರೂ ಹೊರಗಿನವರೂ ಒಂದೇ ಬಾಯಿಂದ ಒಂದೇ ವರ ಕೇಳುತ್ತಿದ್ದರು. ಇದಕ್ಕಾಗಿಯೇ ವರ್ಷಗಟ್ಟಲೆ ಎರಡೆರಡು ಸಲ ಚಟ್ನಿ ಅರೆಸಿದ್ದ ಬಸಣ್ಣ, "ಒಮ್ಮಿ ಬಂದಾಕೀನ ಮತ್ತ ಕಳಸಾಂಗಿಲ್ಲ" ಎಂದು ಕೂತರು.

ನಾನು ಹೇಳಿದೆ, ಕ್ಯಾಮೆರಾದವನು ಹೇಳಿದ. ಧಾರಾವಾಹಿ ನಿಂತರೆ ಶೆಡ್ಡಿನಲ್ಲಿದ್ದ ಅಷ್ಟೂ ಜನರ ಅನ್ನ ಹೋಗುತ್ತದೆ ಎಂದು ಲೈಟಿನವನು ಸ್ವಲ್ಪ ಒರಟಾಗಿಯೇ ಹೇಳಿದ. ಕೊನೆಗೆ ಕಮಲಾಕ್ಷಮ್ಮ ಎದ್ದು ಬಂದು ಬಸಣ್ಣನ ಮುಂದೆ ನಿಂತರು. "ಇಷ್ಟು ಜನದ ಹೊಟ್ಟೆಪಾಡು ಕಣಪ್ಪ. ನಂಗೇನೂ ಬೇಜಾರಿಲ್ಲ. ಹೊಸ್ತಿಲು ನಿಲ್ಸು, ನಾನು ಹೋಗ್ತೀನಿ" ಎಂದರು.

ಆ ಮಾತು ಯಾವುದೆಂದು ಅವರಿಗೂ ತಡವಾಗಿ ಗೊತ್ತಾಯಿತು. ಬಸಣ್ಣ ಎದ್ದು ನಿಂತು ಕೈಮುಗಿದರು. "ಬಿಡ್ತು ಅನ್ರಿ ಅಮ್ಮಾರ" ಎಂದರು. ಕಮಲಾಕ್ಷಮ್ಮ ಕೆನ್ನೆ ಮುಟ್ಟಿಕೊಂಡು, "ಬಿಡ್ತು" ಎಂದರು. ಲೈಟಿನವನು ಏನೋ ಗೊಣಗಿಕೊಂಡು ವೈರು ಸುತ್ತತೊಡಗಿದ. ಧಾರಾವಾಹಿ ಅಲ್ಲಿಗೆ ನಿಂತಿತು. ಲೈಟಿನವನಿಗೆ ನಮ್ಮ ಕಾರ್ಖಾನೆಯಲ್ಲೇ ಒಂದು ಕೆಲಸ ಕೊಡಿಸಿದೆ, ಆದರೂ ಬಹಳ ದಿನ ಅವನು ಬಸಣ್ಣನ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದ. ಅವನ ಸಿಟ್ಟು ತಪ್ಪೆಂದು ನಾನು ಹೇಳಲಾರೆ. ಬಸಣ್ಣ ಮಾಡಿದ್ದು ತಪ್ಪೆಂದೂ ನನ್ನಿಂದ ಹೇಳಲಾಗುವುದಿಲ್ಲ.

ಶೆಡ್ಡು ಖಾಲಿ ಮಾಡುವ ದಿನ ತುಳಸಿಕಟ್ಟೆಯನ್ನು ಬಸಣ್ಣ ತಾವೇ ಹೊತ್ತು ಟೆಂಪೋದಲ್ಲಿಟ್ಟರು. ಬೆತ್ತದ ಕುರ್ಚಿ ಕಾಡುಗೋಡಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಗೌರಮ್ಮ ಅದರಲ್ಲಿ ಕೂತು ಪಕ್ಕದ ಚಾನೆಲ್ ನೋಡಲಿ ಎಂದು ನಕ್ಕರು. ಗಾಲಿ ಕುರ್ಚಿಯನ್ನು ನಮ್ಮ ಆಫೀಸಿನೊಳಕ್ಕೆ ತಳ್ಳಿಕೊಂಡು ಬಂದು, ನನ್ನ ಹಳೆಯ ಮರದ ಕುರ್ಚಿ ಸರಿಸಿ, ಅದರ ಜಾಗದಲ್ಲಿ ನಿಲ್ಲಿಸಿದರು. ಪ್ಲಾಸ್ಟಿಕ್ ಹೊದಿಕೆ ಆಗಲೂ ಹಾಗೇ ಇತ್ತು. ಅದನ್ನು ತಾವೇ ಹರಿದು ತೆಗೆದು, ಕೂತುಕೊಳ್ಳಿ ಎಂದು ಹಟ ಮಾಡಿದರು. ನಾನು ಕೂತೆ.

"ಬರ್ತೇನ್ರಿ ವಿಮಲಕ್ಕಾರ" ಎಂದರು.

"ಯಾವಾಗ?" ಎಂದೆ.

ಹಾಗೆ ಯಾರೂ ಕೇಳುವುದಿಲ್ಲ. ಹೊರಟವರು ಬರ್ತೀನಿ ಎಂದರೆ ಹೂಂ ಅನ್ನಬೇಕು, ಅಷ್ಟೇ. ಬಾಯಿಂದ ಹೇಗೋ ಬಂದುಬಿಟ್ಟಿತು. ಬಸಣ್ಣ ಬಾಗಿಲಲ್ಲಿ ನಿಂತು ಬಹಳ ಹೊತ್ತು ನಕ್ಕರು. "ಆ ಕುರ್ಚಿಯೊಳಗ ಕುಂತವರೆಲ್ಲ ಅದನ್ನ ಕೇಳ್ತಾರ ನೋಡ್ರಿ. ಫ್ಯಾಕ್ಸ್ ಮಾಡ್ತೇನಿ, ತಡೀರಿ" ಎಂದು ಹೇಳಿ ಟೆಂಪೋ ಹತ್ತಿದರು.

ಹುಬ್ಬಳ್ಳಿಯಲ್ಲಿ ಸ್ಟುಡಿಯೋ ಇಟ್ಟಿದ್ದಾರೆ ಎಂದು ಒಬ್ಬರು ಹೇಳಿದರು. ಮತ್ತೆ ಮದುವೆ ವಿಡಿಯೋ ತೆಗೆಯುತ್ತಿದ್ದಾರೆ ಎಂದರು ಇನ್ನೊಬ್ಬರು. ಗೌರಮ್ಮನನ್ನು ಕೇಳಿದರೆ, ಕುರ್ಚಿ ಕೊಟ್ಟು ಹೋದವನು ಆಮೇಲೆ ಈ ಕಡೆ ತಲೆ ಹಾಕಿಲ್ಲ ಎಂದು ಬೈದರು, ಬೈದು ಕಣ್ಣೊರೆಸಿಕೊಂಡರು. ಪಕ್ಕದ ಶೆಡ್ಡಿಗೆ ರಟ್ಟಿನ ಪೆಟ್ಟಿಗೆ ಮಾಡುವವರು ಬಂದರು. ಪ್ರೆಸ್ಸು ಮಾತ್ರ ದಢ್ ದಢ್ ಎಂದು ಬಡಿಯುತ್ತಲೇ ಇತ್ತು.

ವರ್ಷಗಳು ಕಳೆದು, ನಮ್ಮ ಆಫೀಸಿಗೆ ಕಂಪ್ಯೂಟರುಗಳು ಬಂದು, ಫ್ಯಾಕ್ಸ್ ಮಾಡುವವರೇ ಇಲ್ಲದಂತಾಯಿತು. ಯಂತ್ರದ ಮೇಲೆ ಧೂಳು ಕೂತಿತ್ತು. ಒಂದು ದಿನ ಸಾಹೇಬರು ಅದನ್ನು ಗುಜರಿಗೆ ಹಾಕಲು ಆಳುಗಳನ್ನು ಕರೆಸಿದರು. ಒಬ್ಬ ವೈರು ಕೀಳಲು ಬಗ್ಗಿದಾಗ ನಾನು ಗಾಲಿ ಕುರ್ಚಿಯಿಂದ ಎದ್ದು ಹೋಗಿ ಅವನ ಕೈ ತಡೆದೆ. ಇನ್ನೊಂದು ವಾರ ಇರಲಿ ಸಾರ್ ಎಂದೆ.

ಸಾಹೇಬರು ಯಾಕೆ ಎಂದು ಕೇಳಿದರು.

"ಒಂದು ಫ್ಯಾಕ್ಸ್ ಬರೋದಿದೆ" ಎಂದೆ.